ಟೆನಿಸ್ ಅಂಗಳದ ಅಡುಗೆಮನೆ

ದಪ್ಪ ಪುಸ್ತಕ ಕಂಡರೆ ನನಗೆ ಪ್ರೀತಿ, ಅದರಲ್ಲೂ ಚರಿತ್ರೆಯದಾದರೆ ಕೇಳಲೇಬೇಡಿ. ಯಾವ ಪುಟ ತೆರೆದರೂ ಅಲ್ಲಿ ಯಾರೋ ಜಗಳವಾಡುತ್ತಿರಬೇಕು, ಯಾರೋ ಮನೆ ಕಟ್ಟಿಸುತ್ತಿರಬೇಕು. ಡೇವಿಡ್ ಹಾಲ್‌ಬರ್‌ಸ್ಟಾಮ್ 1993ರಲ್ಲಿ ಪ್ರಕಟಿಸಿದ ‘ದಿ ಫಿಫ್ಟೀಸ್’ ಈ ಜಾತಿಯದು. ಅಮೆರಿಕದ ಐವತ್ತರ ದಶಕವೆಂದರೆ ಅಧ್ಯಕ್ಷ ಐಸೆನ್‌ಹೋವರ್, ಎತ್ತ ನೋಡಿದರೂ ಕಮ್ಯುನಿಸ್ಟರನ್ನೇ ಕಂಡ ಸೆನೆಟರ್ ಮೆಕಾರ್ಥಿ, ಹೈಡ್ರೋಜನ್ ಬಾಂಬು ಎಂದಷ್ಟೇ ತಿಳಿದವರು ಇದನ್ನೊಮ್ಮೆ ತೆರೆಯಬೇಕು. ಆ ಮಹನೀಯರೆಲ್ಲ ಇಲ್ಲೂ ಇದ್ದಾರೆ, ಆದರೆ ಅವರ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಂಡು ಹ್ಯಾಂಬರ್ಗರ್ ಮಾರುವವರು, ರಸ್ತೆಬದಿ ಹೋಟೆಲು ಕಟ್ಟಿದವರು, ಗಿಟಾರ್ ಹಿಡಿದ ಎಲ್ವಿಸ್ ಪ್ರೀಸ್ಲಿ, ಎಲ್ಲರೂ ಕೂತಿದ್ದಾರೆ.

ನನಗೆ ತೀರಾ ಇಷ್ಟವಾದವರು ಮೆಕ್‌ಡೊನಾಲ್ಡ್ ಸಹೋದರರು. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಹೋಟೆಲನ್ನು 1948ರಲ್ಲಿ ಮುಚ್ಚಿ, ತಿಂಡಿಗಳ ಪಟ್ಟಿ ಕತ್ತರಿಸಿ, ಹದಿನೈದು ಸೆಂಟಿಗೆ ಒಂದು ಹ್ಯಾಂಬರ್ಗರ್ ಕೊಡುವಂತೆ ಎಲ್ಲವನ್ನೂ ಹೊಸದಾಗಿ ಹೂಡಿದವರು. ಮುಂದೆ ಇನ್ನೂ ದೊಡ್ಡ ಅಡುಗೆಮನೆ ಬೇಕೆನಿಸಿದಾಗ ಮನೆಯ ಟೆನಿಸ್ ಅಂಗಳದಲ್ಲಿ ಕೆಲಸದ ಹುಡುಗರನ್ನು ನಿಲ್ಲಿಸಿ, ಬಾಣಲೆಯೂ ಇಲ್ಲದೆ ಬೆಂಕಿಯೂ ಇಲ್ಲದೆ ಬರ್ಗರ್ ಬೇಯಿಸುವ, ಆಲೂಗಡ್ಡೆ ಕರಿಯುವ ಅಭಿನಯ ಮಾಡಿಸಿದರು. ಆ ಪಾಕಪ್ರವೀಣರ ಪದಚಲನೆಯನ್ನು ಅನುಸರಿಸಿ ಒಲೆ ಎಲ್ಲಿ, ಮೇಜು ಎಲ್ಲಿ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ರಾತ್ರಿ ಮಳೆ ಬಂದು ಎಲ್ಲ ತೊಳೆದುಹೋಯಿತು. ಮತ್ತೆ ಹುಡುಗರನ್ನು ಕರೆಸಿದರು, ಮತ್ತೆ ಗೆರೆ ಎಳೆದರು. ಒಂದು ದೇಶ ಅವಸರಕ್ಕೆ ಬಿದ್ದ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಅಂಕಿಅಂಶ ನಾನು ಕಂಡಿಲ್ಲ.

ಮನೆಗಳದ್ದೂ ಅದೇ ಅವಸರ. 1947ರಿಂದ ವಿಲಿಯಂ ಲೆವಿಟ್ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ, ಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ, ಹದಿನೇಳು ಸಾವಿರಕ್ಕೂ ಹೆಚ್ಚು ಮನೆ ಎಬ್ಬಿಸಿದರು. ಕಪ್ಪು ಸೈನಿಕನೂ ಅದೇ ಯುದ್ಧದಿಂದ ಮರಳಿದ್ದ. ಅವನಿಗೆ ಅಲ್ಲಿ ಒಂದು ಮನೆಯನ್ನೂ ಮಾರಲಿಲ್ಲ. ಇದನ್ನು ಬಿಟ್ಟು ಆ ದಶಕದ ಸುಖವನ್ನಷ್ಟೇ ಹಾಡುವವರನ್ನು ನಾನು ನಂಬುವುದಿಲ್ಲ. ಹಾರ್ವರ್ಡ್‌ನಲ್ಲಿ ಓದಿ, 1955ರಲ್ಲಿ ಮಿಸಿಸಿಪ್ಪಿಯ ಸಣ್ಣ ಊರಿನ ಪತ್ರಿಕೆಯೊಂದಕ್ಕೆ ವರದಿಗಾರರಾಗಿ ಹೋದ ಹಾಲ್‌ಬರ್‌ಸ್ಟಾಮ್ ಬಿಟ್ಟಿಲ್ಲ.

ಅದೇ ವರ್ಷದ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗಮರಿಯಲ್ಲಿ ಬಸ್ಸಿನ ಸೀಟು ಬಿಟ್ಟೇಳದ ರೋಸಾ ಪಾರ್ಕ್ಸ್ ಬಂಧನವಾಯಿತು. ಈ ಘಟ್ಟಕ್ಕೆ ಬಂದಾಗಲೆಲ್ಲ ನನ್ನ ಮನಸ್ಸು ಅಪ್ಪ ಮೇಷ್ಟ್ರಾಗಿದ್ದ ಶಾಲೆಯ ಸೈಕ್ಲೋಸ್ಟೈಲ್ ಯಂತ್ರದತ್ತ ಹೋಗುತ್ತದೆ. ಪರೀಕ್ಷೆ ಬಂತೆಂದರೆ ಮೇಣದ ಸ್ಟೆನ್ಸಿಲ್ಲು ಸುತ್ತಿ, ಕೈಯಾರೆ ಹಿಡಿ ತಿರುಗಿಸಿ, ಒಂದೊಂದೇ ಹಾಳೆ ಹೊರಗೆ ಬರುವುದನ್ನು ಕಾಯಬೇಕು. ಒಂದು ಶಾಲೆಗೆ ಸಾಲುವಷ್ಟು ತೆಗೆಯುವುದರಲ್ಲಿ ಅಪ್ಪನ ಅಂಗಿಯ ತೋಳು ಮಸಿಮಯ, ಅಮ್ಮನ ಸಹಸ್ರನಾಮ ಆರಂಭ. ಅಂಥದೇ ಯಂತ್ರದ ಮುಂದೆ ಆ ರಾತ್ರಿ ಜೋ ಆನ್ ರಾಬಿನ್‌ಸನ್ ನಿಂತರು. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. 1949ರಲ್ಲಿ, ಹೆಚ್ಚೂಕಡಿಮೆ ಖಾಲಿಯಿದ್ದ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತದ್ದಕ್ಕೆ ಡ್ರೈವರ್ ಅಬ್ಬರಿಸಿದಾಗ ಅಳುತ್ತಾ ಇಳಿದುಹೋಗಿದ್ದವರು. ಸಹೋದ್ಯೋಗಿಯೊಬ್ಬರ, ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ ಬೆಳಗಾಗುವುದರೊಳಗೆ ಸಾವಿರ ಸಾವಿರ ಕರಪತ್ರ ತೆಗೆದು, ಮರುದಿನ ಪಾಠ ಮುಗಿಸಿಕೊಂಡು ಕಾರಿನಲ್ಲಿ ಹಂಚಲು ಹೊರಟರು.

ಆ ಕಾಗದ ಕೇಳಿದ್ದು ಸೋಮವಾರ ಒಂದು ದಿನ ಬಸ್ ಹತ್ತಬೇಡಿ ಎಂದಷ್ಟೇ. ಊರಿನ ಕಪ್ಪು ಜನ 381 ದಿನ ಹತ್ತಲಿಲ್ಲ.