ನಾಳೆ ಬಾ ಎನ್ನುವವರು

ಸಾಗರದ ಕಡೆ ನನ್ನ ಸೋದರಮಾವನ ಮನೆಯಲ್ಲಿ ಒಂದು ಕೇಪಿನ ಕೋವಿ ಇದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿ. ಅದು ಬೆಳೆಯನ್ನು ಎಷ್ಟು ರಕ್ಷಿಸಿದೆ ಎಂದು ಕೇಳಿದರೆ ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಾರೆ, ಮಾವ ಏನೋ ನೆನಪಾದವರಂತೆ ಎದ್ದು ಕೊಟ್ಟಿಗೆ ಕಡೆ ಹೋಗುತ್ತಾರೆ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ ಎಂದು ಯಾವ ಚುನಾವಣೆ ಬಂದರೂ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕು. ಹೀಗಾಗಿ ಅದು ಹೊಸ ಮದುವಣಗಿತ್ತಿಯ ಹಾಗೆ ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಓಡಾಡಿಕೊಂಡಿರುತ್ತದೆ. ಅದು ಠಾಣೆಯಲ್ಲಿರುವ ದಿನಗಳು ಮಂಗಗಳಿಗೆ ಹೇಗೋ ಗೊತ್ತಾಗುತ್ತವೆ ಎಂಬುದು ಮಾವನ ವಾದ.

ಮಾವ ಮಂಗಕ್ಕೆ ಗುರಿಯಿಟ್ಟು ಹೊಡೆಯುವವರಲ್ಲ. ಹನುಮಂತನ ವಂಶ ಎಂಬ ಭಯ ಒಂದು ಕಡೆ, ಕಾನೂನಿನ ಭಯ ಇನ್ನೊಂದು ಕಡೆ. ಮಂಗನ ತಲೆಯಿಂದ ಎರಡು ಮಾರು ಮೇಲೆ, ಬರೀ ಆಕಾಶಕ್ಕೆ, ಹೆದರಿಸಲು ಒಂದು ಈಡು. ಆದರೆ ಆ ಆಕಾಶಕ್ಕೂ ಅವರ ಗುರಿ ತಪ್ಪುತ್ತದೆ. ಒಮ್ಮೆ ನಾನೇ ಕಂಡಂತೆ, ಢಂ ಎಂದ ಮೇಲೆ ಹೊಗೆ ಕರಗಿ ನೋಡಿದರೆ ಮಂಗ ಅಲ್ಲೇ ಕೂತಿತ್ತು. ಪಕ್ಕದ ಮರದ ಅಡಿಕೆ ಗೊನೆ ಮಾತ್ರ ಚರೆ ತಿಂದು ಕೆಳಗೆ ಬಿದ್ದಿತ್ತು. ಮಂಗ ಇಳಿದು ಬಂದು ಅದನ್ನೊಮ್ಮೆ ಮೂಸಿ ನೋಡಿಹೋಯಿತು.

"ನಳಿಗೆ ಡೊಂಕು ಮಾಣಿ, ನಳಿಗೆ!" ಎಂದರು ಮಾವ. ಐವತ್ತು ದಾಟಿದ ನಾನು ಅವರಿಗೆ ಇನ್ನೂ ಮಾಣಿಯೇ.

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಡೊಂಕಿಲ್ಲದ ನಳಿಗೆ ಅಂದರೆ ಹೇಗಿರುತ್ತದೆ, ಅದನ್ನು ಯಾರು ಮಾಡುತ್ತಾರೆ ಎಂಬ ಹುಳ ತಲೆಗೆ ಹೊಕ್ಕಿತು. ಜನ್ಮದಲ್ಲಿ ಜಾತ್ರೆಯ ಬಲೂನಿಗೂ ಗುಂಡು ತಾಗಿಸದ ನಾನು ಆ ಹುಳದ ಹಿಂದೆ ಬಿದ್ದು ಕೊನೆಗೆ ಹೋಗಿ ತಲುಪಿದ್ದು ಹ್ಯಾರಿ ಪೋಪ್ ಎಂಬ ಅಮೆರಿಕದ ಒಬ್ಬ ಮುದುಕನ ಬಾಗಿಲಿಗೆ. ಮುದುಕ ಸತ್ತು ಎಪ್ಪತ್ತು ವರ್ಷ ಮೇಲಾಯಿತು. ಬಾಗಿಲು ಕಾಗದದ ಮೇಲಿನದು.

ಪೋಪ್ ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1950ರಲ್ಲಿ. ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ 1881ರಲ್ಲಿ ಹೊರಬಿದ್ದು ಸೈಕಲ್ ಉದ್ಯಮ ಸೇರಿದ. ಸಂಬಳ ಕೊಟ್ಟದ್ದು ಸೈಕಲ್ಲು, ಮನಸ್ಸು ಇದ್ದದ್ದು ಕೋವಿಯ ನಳಿಗೆಯಲ್ಲಿ. ಹಗಲೆಲ್ಲ ಕಚೇರಿ, ಸಂಜೆ ಯಕ್ಷಗಾನ ಎನ್ನುವವರು ನಮ್ಮಲ್ಲಿ ಇಲ್ಲವೇ? ಹಾಗೆ. ಕೊನೆಗೆ ಗೆಜ್ಜೆಯೇ ಗೆದ್ದಿತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ನಳಿಗೆ ಮಾಡುವುದನ್ನೇ ಕಸುಬು ಮಾಡಿಕೊಂಡ. ಬಂದೂಕು, ಪಿಸ್ತೂಲು ಬೇರೆಯವರು ಮಾಡಿದ್ದಾದರೂ ನಡೆಯುತ್ತಿತ್ತು, ಒಳಗಿನ ನಳಿಗೆ ಮಾತ್ರ ಪೋಪನದಾಗಬೇಕು ಎಂದು ಗುರಿಕಾರರು ಅವನ ಬಳಿ ಬರತೊಡಗಿದರು.

ನಳಿಗೆಯಲ್ಲಿ ಅಂಥದ್ದೇನಿದೆ? ಮಾವನ ಕೋವಿಯ ನಳಿಗೆ ಒಳಗೆ ನುಣ್ಣಗಿದೆ, ಊದುಗೊಳವೆಯ ಹಾಗೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಸಣ್ಣ ಕಾಲುವೆಗಳನ್ನು ಕೊರೆದಿರುತ್ತಾರೆ. ರೈಫಲ್ ಎಂಬ ಹೆಸರೇ ಆ ಗೀರುಗಳಿಂದ ಬಂದದ್ದು. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ಗಿರಗಿರ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗದ್ದು ಮಗುಚುತ್ತದೆ. ಗುಂಡಿನದೂ ಅದೇ ಶಾಸ್ತ್ರ. ಪೋಪನ ನಳಿಗೆಯಲ್ಲಿ ಎಂಟು ಗೀರುಗಳು, ಎಡಕ್ಕೆ ತಿರುಗುವವು. ಬುಡದಲ್ಲಿ ಸಾವಕಾಶವಾಗಿ ಹೊರಟ ಸುರುಳಿ ಬಾಯಿಯ ಹತ್ತಿರ ಬರುತ್ತ ಬಿಗಿಯಾಗುತ್ತ ಹೋಗುತ್ತದೆ. ವಿಲಂಬಿತದಲ್ಲಿ ಶುರುವಾಗಿ ದ್ರುತಕ್ಕೆ ಮುಟ್ಟಿದ ಹಾಗೆ.

ಈ ಗೀರುಗಳನ್ನು ಕೊರೆಯುವ ಬಗೆ ಕೇಳಿ. ಉದ್ದನೆಯ ಸರಳಿನ ತುದಿಯಲ್ಲಿ ಒಂದು ಪುಟ್ಟ ಉಳಿ. ಅದನ್ನು ನಳಿಗೆಯೊಳಗೆ ಹಾಯಿಸಿ, ತಿರುಗಿಸುತ್ತ ಎಳೆಯಬೇಕು. ಒಂದು ಎಳೆತಕ್ಕೆ ಏಳುವ ಸಿಪ್ಪೆಯ ದಪ್ಪ ಹೆಚ್ಚೂಕಡಿಮೆ ಇಂಚಿನ ಹತ್ತು ಸಾವಿರದಲ್ಲಿ ಒಂದು ಪಾಲು. ಗೀರಿನ ಒಟ್ಟು ಆಳ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು, ಅಂದರೆ ತಲೆಗೂದಲೊಂದರ ದಪ್ಪದ ಆಸುಪಾಸು. ಒಂದು ಗೀರಿಗೆ ನಲವತ್ತು ಎಳೆತ ಎಂದು ಹಿಡಿದರೂ ಎಂಟು ಗೀರಿಗೆ 320 ಆಯಿತು. ಪ್ರತಿ ಎಳೆತಕ್ಕೂ ಸಿಪ್ಪೆ ಒರೆಸಬೇಕು, ಎಣ್ಣೆ ಬಿಡಬೇಕು. ನಡುವೆ ಉಳಿಯ ಬಾಯಿ ಹೋಯಿತೋ, ಅಲ್ಲಿಯ ತನಕ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬೀದಿಯಲ್ಲಿ ಗಾಡಿ ಹೋದ ಸದ್ದಿಗೆ ಕೈ ನಡುಗುವಂತಿಲ್ಲ. ಇದೆಲ್ಲ ನಡೆಯುವುದು ಕಣ್ಣಿಗೆ ಕಾಣದ ಕತ್ತಲೆಯ ಕೊಳವೆಯೊಳಗೆ. ಕಾಣುವುದು ಬೆರಳಿಗೆ ಮಾತ್ರ.

ಇಷ್ಟು ಕೆಲಸ ಮಾಡುವವನು ಗಿರಾಕಿಗೆ ದಿನ ಗೊತ್ತುಮಾಡಿ ಹೇಳಲಿ ಹೇಗೆ? ಪೋಪ್ ಹೇಳುತ್ತಲೂ ಇರಲಿಲ್ಲ. ಇಂಥ ದಿನ ಕೊಡುತ್ತೇನೆಂಬ ಮಾತಿಲ್ಲ, ಚೆನ್ನಾಗಿ ಆದಾಗ ಒಯ್ಯಿರಿ, ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂಬ ಅರ್ಥದ ಒಂದು ಫಲಕವನ್ನೇ ಅಂಗಡಿಯಲ್ಲಿ ಹಾಕಿಕೊಂಡಿದ್ದ. ಜನ ಬೈದುಕೊಂಡೇ ಕಾದರು. ಕೆಲವರು ವರ್ಷಗಟ್ಟಲೆ ಕಾದರು. ಕಾಗದ ಬರೆದು ನೆನಪಿಸಿದರೆ ಆ ಕಾಗದವೂ ಮೇಜಿನ ಮೇಲಿನ ರಾಶಿಗೆ ಸೇರುತ್ತಿತ್ತು.

ಫಲಕದ ಈ ಸಂಗತಿ ಓದಿದಾಗ ನನಗೆ ಥಟ್ಟನೆ ಮೂಗಿಗೆ ಬಡಿದದ್ದು ಇಸ್ತ್ರಿಪೆಟ್ಟಿಗೆಯ ಇದ್ದಿಲಿನ ವಾಸನೆ. ನಮ್ಮೂರಿನಲ್ಲಿ ಒಬ್ಬ ದರ್ಜಿಯಿದ್ದ. ಹೆಸರು ಬೇಡ, ಅವನ ಮಕ್ಕಳು ಈಗ ದೊಡ್ಡ ಅಂಗಡಿ ಇಟ್ಟಿದ್ದಾರೆ. ನನ್ನ ಮದುವೆಯ ಕೋಟು ಹೊಲಿಯಲು ಕೊಟ್ಟದ್ದು ಅವನಿಗೇ. ಅಳತೆ ತೆಗೆದುಕೊಂಡ ರೀತಿ ನೋಡಿದ್ದರೆ ನೀವೂ ಕೊಡುತ್ತಿದ್ದಿರಿ. ಟೇಪು ಹಿಡಿದು ನನ್ನ ಸುತ್ತ ಪ್ರದಕ್ಷಿಣೆ ಬಂದು, "ಎಡ ಭುಜ ಒಂದು ನೂಲು ಇಳಿದದೆ ಸ್ವಾಮಿ, ಸರಿ ಮಾಡಣ" ಎಂದ. ಮೂವತ್ತು ವರ್ಷ ಹೊತ್ತು ತಿರುಗಿದ ನನ್ನ ಭುಜದ ಗುಟ್ಟು ನನಗೇ ಗೊತ್ತಿರಲಿಲ್ಲ. ಆಮೇಲೆ ಶುರುವಾಯಿತು. ನಾಳೆ ಬನ್ನಿ. ಗುಂಡಿ ಒಂದು ಬಾಕಿ ಅದೆ, ನಾಳೆ ಬನ್ನಿ. ಕಾಜಾ ಹುಡುಗ ಊರಿಗೆ ಹೋಗವನೆ, ನಾಳೆ ಬನ್ನಿ. ಧಾರೆ ಎರೆದದ್ದು ಭಾವನ ಕೋಟಿನಲ್ಲಿ. ನನ್ನ ಕೋಟು ಬಂದದ್ದು ಬೀಗರ ಔತಣವೂ ಮುಗಿದ ಮೇಲೆ. ತೊಟ್ಟು ಕನ್ನಡಿಯ ಮುಂದೆ ನಿಂತೆ. ಎರಡು ಭುಜವೂ ಸಮ! ಬೈಯಲೆಂದು ಹೊರಟವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೋಟು ತೋರಿಸಿ ಮನೆಗೆ ವಾಪಸಾದೆ.

ತೊಂಬತ್ತರ ದಶಕದಲ್ಲಿ ನಮ್ಮ ನಾಡಿನ ಬಾಗಿಲು ಬಾಗಿಲಿನ ಮೇಲೆ "ನಾಳೆ ಬಾ" ಎಂದು ಸೀಮೆಸುಣ್ಣದಲ್ಲಿ ಬರೆದಿದ್ದು ನೆನಪಿದೆಯೇ? ರಾತ್ರಿ ದೆವ್ವ ಬಂದು ನಮ್ಮವರದೇ ದನಿಯಲ್ಲಿ ಕರೆಯುತ್ತದಂತೆ, ಬರೆದದ್ದು ಓದಿಕೊಂಡು ಹೋಗುತ್ತದಂತೆ, ಮಾರನೆಯ ದಿನ ಬಂದು ಮತ್ತೆ ಓದಿಕೊಂಡು ಹೋಗುತ್ತದಂತೆ. ಕನ್ನಡ ಓದಲು ಬರುವ, ಹೇಳಿದ ಮಾತು ನಂಬುವ ಸಜ್ಜನ ದೆವ್ವ. ಈ ಉಪಾಯ ಕಂಡುಹಿಡಿದವರು ಯಾರೆಂಬುದು ಇಂದಿಗೂ ನಿಗೂಢ ಎನ್ನುತ್ತಾರೆ. ದರ್ಜಿಗಳೇ ಇರಬೇಕೆಂದು ನನ್ನ ಬಲವಾದ ಗುಮಾನಿ.

ಪೋಪನ ವಿಷಯಕ್ಕೆ ಬರುತ್ತೇನೆ. ಇಷ್ಟು ನಿಧಾನಸ್ಥನನ್ನು ಊರು ಮಾತ್ರ ಒಂದು ಕಡೆ ನಿಲ್ಲಗೊಡಲಿಲ್ಲ. 1901ರಲ್ಲಿ ಸ್ಟೀವನ್ಸ್ ಎಂಬ ದೊಡ್ಡ ಬಂದೂಕು ಕಂಪನಿ ಅವನನ್ನು ಅವನ ಹೆಸರಿನ ಸಮೇತ ತನ್ನೊಳಗೆ ಸೇರಿಸಿಕೊಂಡಿತು. ಒಂಟಿ ಎತ್ತನ್ನು ಗಾಣಕ್ಕೆ ಕಟ್ಟಬಹುದು, ಒಂಟಿ ಮನುಷ್ಯನನ್ನು ಕಾರ್ಖಾನೆಗೆ ಕಟ್ಟುವುದು ಕಷ್ಟ. ಕೆಲವೇ ವರ್ಷಕ್ಕೆ ಬಿಟ್ಟು ಹೊರಟ. ಅಮೆರಿಕದ ಈ ತುದಿಯಿಂದ ಆ ತುದಿಗೆ, ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಹೊಸ ಅಂಗಡಿ ಹಾಕಿದ. ಅದು 1906ರ ಏಪ್ರಿಲ್. ಆ ತಿಂಗಳ 18ರ ಬೆಳಗಿನ ಜಾವ ಅಲ್ಲಿ ಭೂಮಿ ನಡುಗಿತು, ಹಿಂದೆಯೇ ಬೆಂಕಿ ಹತ್ತಿ ಊರು ಉರಿಯಿತು. ಆಗತಾನೆ ಬಾಗಿಲು ತೆರೆದಿದ್ದ ಅಂಗಡಿಯೂ ಹೋಯಿತು. ಇಂಚಿನ ಹತ್ತು ಸಾವಿರದ ಒಂದು ಪಾಲು ಅಲುಗಬಾರದೆಂದು ಉಸಿರು ಬಿಗಿಹಿಡಿಯುವವನ ಕಾಲಡಿಗೇ ಭೂಕಂಪ! ವಿಧಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿದರು?

ಮುದುಕ (ಆಗ ಅವನಿಗೆ ನಲವತ್ತೈದೂ ಆಗಿರಲಿಲ್ಲ, ಆದರೆ ಅವನ ಬಿಳಿಗಡ್ಡದ ಪಟ ನೋಡಿದ ಮೇಲೆ ನನಗೆ ಅವನು ಹುಟ್ಟಾ ಮುದುಕನೇ) ಮರಳಿ ಪೂರ್ವಕ್ಕೆ ಬಂದ. ಫಿಲಡೆಲ್ಫಿಯಾದಲ್ಲಿ ಸ್ವಲ್ಪ ದಿನ ಇದ್ದು ಆಮೇಲೆ ನ್ಯೂಜೆರ್ಸಿಯ ಜೆರ್ಸಿ ಸಿಟಿ ಸೇರಿದ. ಅಲ್ಲಿನ ಮಾರಿಸ್ ಬೀದಿಯ ಒಂದು ಕಟ್ಟಡದ ಮಹಡಿಯ ಮೇಲೆ ದಶಕಗಳ ಕಾಲ ನಳಿಗೆ ಕೊರೆಯುತ್ತ ಕೂತ. ಆ ಜಾಗದ ವರ್ಣನೆ ಓದಿ ನನ್ನ ಜೀವಕ್ಕೆ ತಂಪಾಯಿತು. ನಳಿಗೆಗಳು, ಉಪಕರಣಗಳು, ಹಳೆಯ ಪತ್ರಿಕೆ, ಒಡೆಯದ ಲಕೋಟೆ ಎಲ್ಲ ರಾಶಿ ರಾಶಿ, ನಡುವೆ ನಡೆಯಲು ಕಾಲುಹಾದಿ. ಆದರೆ ಬೇಕಾದ್ದು ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆ ಎಂದು ಅವನಿಗೆ ಗೊತ್ತು. ಈ ಪುಟವನ್ನು ನನ್ನಾಕೆಗೆ ಓದಿ ಹೇಳಿ, ಮಹಾನುಭಾವರ ಮೇಜು ಹೀಗೇ ಇರುತ್ತದೆ ಎಂದೆ. "ಅವರು ಆ ರಾಶಿಯಿಂದ ಬಂದೂಕಾದರೂ ತೆಗೀತಿದ್ರು. ನೀವು ಹೋದ ತಿಂಗಳ ಕರೆಂಟ್ ಬಿಲ್ ತೆಗೆದುಕೊಡಿ ನೋಡೋಣ" ಎಂದಳು.

ಅವನ ಗಿರಾಕಿಗಳು ಬೇಟೆಗಾರರಿಗಿಂತ ಹೆಚ್ಚಾಗಿ ಗುರಿಕಾರರು. ಜರ್ಮನಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರು ತಮ್ಮೊಂದಿಗೆ ಷೂಟ್ಸೆನ್ ಎಂಬ ಆಟವನ್ನು ಒಯ್ದಿದ್ದರು. ನಿಂತುಕೊಂಡು, ಕೈಯಲ್ಲೇ ರೈಫಲ್ ಹಿಡಿದು, 200 ಗಜ ದೂರದ ಗುರಿಹಲಗೆಗೆ ಹೊಡೆಯುವುದು. ಊರೂರಿಗೆ ಸಂಘ, ತೋಪಿನಂಥ ಬಯಲು, ಬ್ಯಾಂಡು, ಹೆಂಡತಿ ಮಕ್ಕಳು, ಊಟ, ಜೊತೆಗೆ ಧಾರಾಳ ಬಿಯರು. ಗುಂಡು ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ ಏಕಿದೆ ಎಂದು ನನಗೆ ಬಹಳ ಕಾಲದಿಂದ ಸಂಶಯವಿತ್ತು. ಎರಡನ್ನೂ ಒಂದೇ ಬಯಲಿನಲ್ಲಿ ಹಾಕುವ ಜನ ಇದ್ದರೆಂದು ತಿಳಿದ ಮೇಲೆ ನಮ್ಮ ಭಾಷೆಯ ದೂರದೃಷ್ಟಿಗೆ ಕೈಮುಗಿದೆ. ಮೊದಲ ಮಹಾಯುದ್ಧ ಬಂದು, ಜರ್ಮನ್ ಎಂಬುದೆಲ್ಲ ಅಮೆರಿಕದಲ್ಲಿ ಬೈಗುಳವಾಗಿ, ಆ ಆಟ ಸೊರಗಿಹೋಯಿತು.

ಪೋಪನ ರೈಫಲ್ಲಿಗೆ ಈಡು ತುಂಬುವ ಕ್ರಮ ನೋಡಿದರೆ ಮಾವನಿಗೆ ಖುಷಿಯಾದೀತು. ಮದ್ದಿನ ತೋಟಾ ಹಿಂದಿನಿಂದ, ಸೀಸದ ಗುಂಡು ಮಾತ್ರ ಬಾಯಿಯಿಂದ! ಗುಂಡನ್ನು ಮುಂದಿನಿಂದ ತಳ್ಳಿಕೊಂಡು ಹೋದರೆ ಅದರ ಬುಡ ಕೆಡುವುದಿಲ್ಲ. ಗುಂಡಿನ ಬುಡ ಒಂದಿಷ್ಟು ಸೊಟ್ಟಗಾದರೂ ಗುರಿ ಹೋಯಿತು. ಹಾಗೆ ತಳ್ಳುವಾಗ ನಳಿಗೆಯ ಬಾಯಿಯ ಅಂಚು ಸವೆಯಬಾರದೆಂದು ಅದರ ಮೇಲೆ ಇಡಲು ಇನ್ನೊಂದು ಸುಳ್ಳುಬಾಯಿ. ಇದನ್ನು ಮಾಡುವುದು ಅದೇ ನಳಿಗೆಯ ತುದಿಯಿಂದ ಒಂದು ತುಂಡು ಕತ್ತರಿಸಿ. ಹೀಗಾಗಿ ಆ ಸುಳ್ಳುಬಾಯಿ ಆ ಒಂದು ನಳಿಗೆಗೆ ಮಾತ್ರ ಸರಿ. ಗುಂಡು ಎರಕ ಹೊಯ್ಯುವ ಅಚ್ಚೂ ಅದಕ್ಕೇ ಮಾಡಿದ್ದು. ಒಂದು ಕಳೆದರೆ ಉಳಿದದ್ದು ಅಡಕತ್ತರಿಯ ಒಂಟಿ ತೋಳಿನ ಹಾಗೆ. ಹೊಡೆಯುವ ಮುಂಚೆ ಸುಳ್ಳುಬಾಯಿ ತೆಗೆಯಲು ಮರೆತರೆ ಗುಂಡಿನ ಜೊತೆ ಅದೂ ಹಾರಿಹೋಗುತ್ತದೆ. ಮರೆಯುವವರೇ ಹೆಚ್ಚೆಂದು ಗೊತ್ತಿದ್ದ ಜಾಣರು ಅದರ ನೆತ್ತಿಗೆ ಒಂದು ಗುಬಟು ಇಟ್ಟರು. ಗುರಿ ನೋಡಲು ಹೋದರೆ ಕಣ್ಣಿಗೆ ಅದೇ ಅಡ್ಡ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ನನ್ನಂಥವನಿಗೆ ಇಡೀ ಬಂದೂಕುಶಾಸ್ತ್ರದಲ್ಲಿ ಇದಕ್ಕಿಂತ ಹಿರಿದಾದ ಸಂಶೋಧನೆ ಕಾಣಲಿಲ್ಲ.

ಇಷ್ಟೆಲ್ಲ ರಗಳೆಗೆ ಸಿಕ್ಕ ಫಲವೇನು? 1901ರ ಮೇ 16ರಂದು ಕೊಲರಾಡೋದ ಸಿ. ಡಬ್ಲ್ಯು. ರೋಲೆಂಡ್ ಎಂಬುವನು ಪೋಪನ ನಳಿಗೆಯನ್ನು ಆಸರೆಯ ಮೇಲೆ ಕೂರಿಸಿ 200 ಗಜ ದೂರಕ್ಕೆ ಹತ್ತು ಗುಂಡು ಹೊಡೆದ. ಹತ್ತೂ ತೂತುಗಳಲ್ಲಿ ಅತಿ ದೂರದ ಎರಡರ ನಡುವಿನ ಅಂತರ, ನಡುವಿನಿಂದ ನಡುವಿಗೆ, 0.725 ಇಂಚು. ಹದಿನೆಂಟೂವರೆ ಮಿಲಿಮೀಟರೂ ಇಲ್ಲ. ಈಗಿನ ಒಂದು ರೂಪಾಯಿ ನಾಣ್ಯದ ಅಗಲಕ್ಕಿಂತ ಕಡಿಮೆ. 200 ಗಜ ಎಂದರೆ ಮಾವನ ಮನೆಯ ಜಗಲಿಯಿಂದ ತೋಟದ ಕೊನೆಯ ದಣಪೆ. ಅಲ್ಲಿ ನಿಂತ ಆಳು ಯಾರೆಂದು ಗುರುತು ಹಿಡಿಯಲೂ ನನಗೆ ಆಗುವುದಿಲ್ಲ.

ಲೂಷಿಯನ್ ಕೇರಿ ಎಂಬ ಲೇಖಕ ಈ ಮುದುಕನ ಕಂಡು ಮಾರುಹೋಗಿ, ಜೆ. ಎಂ. ಪೈನ್ ಎಂಬ ಹೆಸರಿನಲ್ಲಿ ಅವನನ್ನೇ ಪಾತ್ರ ಮಾಡಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಗೆ ಕಥೆಗಳನ್ನು ಬರೆದ. ಬಂದೂಕು ಮುಟ್ಟದ ಲಕ್ಷಾಂತರ ಮಂದಿ ಅವನ್ನು ಓದಿದರು. ಕಥೆಗಾರರೂ ದರ್ಜಿಯ ಜಾತಿಯೇ. ಈ ಹರಟೆಯನ್ನು ಕೇಳಿದ ಸಂಪಾದಕರಿಗೆ ನಾನು ಎಷ್ಟು ಸಲ "ನಾಳೆ" ಎಂದಿದ್ದೇನೆಂದು ಇಲ್ಲಿ ಬರೆಯುವುದಿಲ್ಲ.

ಈಗ ಕಾರ್ಖಾನೆಗಳಲ್ಲಿ ಸುತ್ತಲೂ ಸುತ್ತಿಗೆಗಳಿರುವ ಯಂತ್ರವಿದೆ. ಗೀರಿನ ಅಚ್ಚನ್ನು ಒಳಗಿಟ್ಟು ಹೊರಗಿನಿಂದ ಬಡಿದರೆ ಕೆಲವೇ ನಿಮಿಷದಲ್ಲಿ ಒಂದು ನಳಿಗೆ. ಬಹಳ ಒಳ್ಳೆಯ ನಳಿಗೆಯೇ. ಆದರೂ ಸ್ಪರ್ಧೆಗೆ ಹೋಗುವ ಗುರಿಕಾರರಲ್ಲಿ ಅನೇಕರು ಇಂದಿಗೂ ಒಂಟಿ ಉಳಿಯಿಂದ ಸಿಪ್ಪೆ ಸಿಪ್ಪೆಯಾಗಿ ತೆಗೆದ ನಳಿಗೆಯನ್ನೇ ಕೇಳುತ್ತಾರೆ, ಅದಕ್ಕಾಗಿ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ.

ಹೋದ ಸಲ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಇದನ್ನೆಲ್ಲ ಮಾವನಿಗೆ ಹೇಳಿದೆ. ಎಂಟು ಗೀರು, ಭೂಕಂಪ, ರೂಪಾಯಿ ನಾಣ್ಯ ಯಾವುದನ್ನೂ ಬಿಡಲಿಲ್ಲ. ಮಾವ ಕವಳ ಹಾಕಿಕೊಂಡು, ಬಾಯಿ ಮೇಲೆತ್ತಿ, ಗಮನವಿಟ್ಟು ಕೇಳಿದರು. ಅಂಗಳಕ್ಕೆ ಹೋಗಿ ಉಗಿದು ಬಂದು ಕೂತರು.

"ಅಲ್ಲ ಮಾಣಿ, ಆ ಹತ್ತು ಗುಂಡು ಹೊಡೆದದ್ದು ಯಾವುದಕ್ಕೆ?"

"ಕಾಗದಕ್ಕೆ ಮಾವ. ಹಲಗೆಗೆ ಅಂಟಿಸಿದ ಕಾಗದಕ್ಕೆ."

"ಹಾಂಗೆ ಹೇಳು. ಕಾಗದ ಕೂತಲ್ಲೇ ಕೂತಿರ್ತು" ಎಂದ ಮಾವ ತೋಟದ ಕಡೆ ಕಣ್ಣು ಹಾಯಿಸಿದರು. ಅಡಿಕೆ ಮರದ ತುದಿ ಅಲ್ಲಾಡುತ್ತಿತ್ತು. ಕೋವಿ ಠಾಣೆಯಲ್ಲಿತ್ತು.