ಕೇಶನಖವಿಚಾರ

ಮೂವತ್ತೈದು ವರ್ಷ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠವನ್ನು ಹೇಳಿ, ಈಗ ನಿವೃತ್ತರಾಗಿ ಮನೆಯಲ್ಲಿ ಕುಳಿತಿರುವ ನಮ್ಮಂಥವರು ತಲೆಗೂದಲಿನ ಆರೈಕೆಯನ್ನೂ ಉಗುರಿನ ಬಣ್ಣವನ್ನೂ ಕುರಿತು ಬರೆಯಲು ಹೊರಟರೆ ವಾಚಕ ಮಹಾಶಯರು ನಕ್ಕಾರು. ಗೃಹಿಣಿಯರಂತೂ, ‘ಇವರಿಗೇನು ತಿಳಿದೀತು?’ ಎಂದಾರು. ಪ್ರಶ್ನೆಯು ನ್ಯಾಯವಾದದ್ದೇ. ೨೦೨೪ನೆಯ ಇಸವಿಯ ದೀಪಾವಳಿಯವರೆಗೆ ನಮಗೆ ಈ ವಿಷಯದಲ್ಲಿ ಏನೊಂದೂ ತಿಳಿದಿರಲಿಲ್ಲ. ತಿಳಿಯದೆ ಇದ್ದುದಷ್ಟೇ ಆಗಿದ್ದರೆ ಬರೆಯುವ ಅಗತ್ಯವೂ ಬೀಳುತ್ತಿರಲಿಲ್ಲ. ತಿಳಿಯದೆಯೇ ತೀರ್ಪನ್ನು ಕೊಟ್ಟಿದ್ದೆವು. ಆ ತೀರ್ಪಿನ ಕಥೆಯನ್ನೂ, ಅನಂತರ ನಾವು ಕಲಿತ ನಾಲ್ಕು ಉಪಯುಕ್ತ ಸಂಗತಿಗಳನ್ನೂ ಇಲ್ಲಿ ನಿವೇದಿಸುತ್ತೇವೆ.

ಅಲಂಕಾರವು ವಿದ್ಯೆಗೆ ಶತ್ರುವೆಂದೂ, ಕನ್ನಡಿಯ ಮುಂದೆ ಕಳೆದ ಹೊತ್ತೆಲ್ಲ ಪುಸ್ತಕದಿಂದ ಕದ್ದ ಹೊತ್ತೆಂದೂ ನಾವು ನಂಬಿದ್ದೆವು. ವಿಚಿತ್ರವೇನೆಂದರೆ, ನಾವು ಓದಿದ ಗ್ರಂಥಗಳಾವುವೂ ಈ ನಂಬಿಕೆಗೆ ಆಧಾರವನ್ನು ಕೊಡುವುದಿಲ್ಲ. ಪಕ್ಷಕ್ಕೆ ಮೂರು ಬಾರಿ ಕೂದಲನ್ನೂ ಉಗುರನ್ನೂ ಕತ್ತರಿಸಿಕೊಳ್ಳಬೇಕೆಂದು ಚರಕಸಂಹಿತೆಯು ಸದ್ವೃತ್ತದಲ್ಲಿ ವಿಧಿಸುತ್ತದೆ. ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದೂ, ತಲೆಗೆ, ಕಿವಿಗೆ, ಪಾದಕ್ಕೆ ವಿಶೇಷವಾಗಿ ಮಾಡಬೇಕೆಂದೂ ವಾಗ್ಭಟನು ದಿನಚರ್ಯೆಯಲ್ಲಿ ಹೇಳುತ್ತಾನೆ. ವಾತ್ಸ್ಯಾಯನನು ಎಣಿಸಿದ ಅರವತ್ತುನಾಲ್ಕು ಕಲೆಗಳಲ್ಲಿ ಕೇಶಮರ್ದನದ ಕೌಶಲಕ್ಕೂ ಸ್ಥಾನವುಂಟು. ಅಮರಸಿಂಹನು ಬಾಚಣಿಗೆಗೆ ಪ್ರಸಾಧನೀ, ಕಂಕತಿಕಾ ಎಂಬ ಎರಡು ಹೆಸರುಗಳನ್ನು ಕೊಟ್ಟಿದ್ದಾನೆ. ಮೇಘದೂತದ ಅಲಕಾಪುರಿಯಲ್ಲಿ ಕಲ್ಪವೃಕ್ಷವು ಸ್ತ್ರೀಯರಿಗೆ ನೀಡುವ ಅಲಂಕಾರಗಳಲ್ಲಿ ಪಾದಕ್ಕೆ ಹಚ್ಚುವ ಅರಗಿನ ಕೆಂಪೂ ಸೇರಿದೆ. ಇವೆಲ್ಲವನ್ನೂ ನಾವು ಓದಿದ್ದೆವು. ಮಕ್ಕಳಿಗೆ ಅರ್ಥವನ್ನೂ ಬರೆಸಿದ್ದೆವು. ಆದರೆ ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಓದಿದವನಿಗೆ ಗ್ರಂಥವು ತನ್ನ ಹೃದಯವನ್ನು ತೋರಿಸುವುದಿಲ್ಲವಷ್ಟೆ!

೧೯೯೨ನೆಯ ಇಸವಿ. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಅಕ್ಕನ ಮದುವೆಯನ್ನು ಮುಗಿಸಿಕೊಂಡು ಸೋಮವಾರ ತರಗತಿಗೆ ಬಂದಳು. ಹತ್ತು ಬೆರಳುಗಳ ಉಗುರುಗಳೂ ಕೆಂಪಾಗಿದ್ದವು. ನಾವು ಪಾಠವನ್ನು ನಿಲ್ಲಿಸಿದೆವು. ‘ನೀರಿನ ತೊಟ್ಟಿಯ ಬಳಿಗೆ ಹೋಗಿ ಅದನ್ನು ತೊಳೆದುಕೊಂಡು ಬಾ’ ಎಂದೆವು. ಹೋದಳು, ಬಂದಳು, ಬಣ್ಣವು ಹಾಗೆಯೇ ಇತ್ತು. ‘ಇಟ್ಟಿಗೆಯ ಚೂರಿನಿಂದ ಉಜ್ಜು’ ಎಂದೆವು. ಅರ್ಧ ಗಂಟೆಯಾದ ಮೇಲೆ ಮತ್ತೆ ಬಂದಳು. ಬಣ್ಣವು ಅಲ್ಲಲ್ಲಿ ಹೋಗಿತ್ತು. ಉಗುರಿನ ಅಂಚುಗಳಲ್ಲಿ ರಕ್ತವು ಜಿನುಗುತ್ತಿತ್ತು. ಅವಳು ಒಂದು ಮಾತನ್ನೂ ಆಡಲಿಲ್ಲ. ಆ ವಾರವೆಲ್ಲ ಕೈಗಳನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡೇ ಕುಳಿತಿದ್ದಳು. ಶಿಸ್ತನ್ನು ಕಾಪಾಡಿದೆವೆಂದು ನಾವು ಉಪಾಧ್ಯಾಯರ ಕೊಠಡಿಯಲ್ಲಿ ಹೇಳಿಕೊಂಡೆವು. ಆ ಬಣ್ಣವು ನೀರಿಗೆ ಕರಗತಕ್ಕದ್ದೇ ಅಲ್ಲವೆಂಬುದನ್ನು ಪಕ್ಕದಲ್ಲಿಯೇ ಕುಳಿತಿದ್ದ ರಸಾಯನಶಾಸ್ತ್ರದ ಉಪಾಧ್ಯಾಯರು ಹೇಳಬಲ್ಲವರಾಗಿದ್ದರು, ನಾವು ಕೇಳಲಿಲ್ಲ.

ಇನ್ನು ೨೦೨೪ರ ದೀಪಾವಳಿಗೆ ಬರೋಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ಹಬ್ಬಕ್ಕೆ ಬಂದಿದ್ದಳು. ನೀರು ತುಂಬುವ ಹಬ್ಬದ ಸಂಜೆ ತಾಯಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವಳ ಉಗುರುಗಳಿಗೆ ದಾಳಿಂಬೆಯ ಬಣ್ಣವನ್ನು ಹಚ್ಚಿದಳು. ನಮ್ಮ ಮನೆಯೊಳಕ್ಕೆ ಅಂಥ ಶೀಸೆಯು ಅದುವರೆಗೆ ಕಾಲಿಟ್ಟಿರಲಿಲ್ಲ. ಹಬ್ಬವೆಂದು ನಾವು ಸುಮ್ಮನಿದ್ದೆವು. ಮರುದಿನ, ಅಕ್ಟೋಬರ್ ೩೧, ನರಕಚತುರ್ದಶಿ. ನಸುಕಿನಲ್ಲಿ ಹಂಡೆಯ ನೀರು ಕಾದಿತ್ತು. ನಮ್ಮ ಧರ್ಮಪತ್ನಿಯವರು ತಲೆತುಂಬ ಎಣ್ಣೆಯನ್ನು ಹಚ್ಚಿಕೊಂಡು ಬಚ್ಚಲಿಗೆ ಹೋದರು. ನೆಲದ ಮೇಲೆ ಎಣ್ಣೆಯೂ ಸೀಗೆಯ ಲೋಳೆಯೂ ಕೂಡಿದ್ದವು. ಜಾರಿ ಬಿದ್ದರು, ಬಲಗೈಯ ಮಣಿಕಟ್ಟು ಮುರಿಯಿತು.

ಅಭ್ಯಂಜನ ಮಾಡುವ ಮನೆಗಳವರು ಇದೊಂದನ್ನು ದಯಮಾಡಿ ಗಮನಿಸಬೇಕು. ಎಣ್ಣೆಯನ್ನು ಬಚ್ಚಲಿನ ಹೊರಗೆ ಮಣೆಯ ಮೇಲೆ ಕುಳಿತು ಹಚ್ಚಿಕೊಳ್ಳತಕ್ಕದ್ದು. ಅಂಗಾಲಿನ ಎಣ್ಣೆಯನ್ನು ಒರಸಿಕೊಂಡು ಒಳಗೆ ಹೋಗತಕ್ಕದ್ದು. ವಯಸ್ಸಾದವರು ಮೀಯುವ ಕಡೆ ಗೋಡೆಗೆ ಒಂದು ಹಿಡಿಯನ್ನು ಹಾಕಿಸತಕ್ಕದ್ದು. ಆ ಹಿಡಿಯು ಈಗ ನಮ್ಮ ಮನೆಯಲ್ಲಿದೆ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಆಸ್ಪತ್ರೆಯ ದಾದಿಯೊಬ್ಬರು ಬಂದು, ‘ಅಮ್ಮನವರ ಉಗುರಿನ ಬಣ್ಣವನ್ನು ತೆಗೆಯಬೇಕು’ ಎಂದು ಮೃದುವಾಗಿ ಹೇಳಿದರು. ಇದು ಹೊಸ ಕಟ್ಟಳೆಯೇನೋ ಎಂದು ನಾವು ಕಾರಣವನ್ನು ಕೇಳಿದೆವು. ಬೆರಳ ತುದಿಗೆ ಚಿಮಟಿಗೆಯಂತೆ ಸಿಕ್ಕಿಸುವ ಆಕ್ಸಿಮೀಟರೆಂಬ ಯಂತ್ರವನ್ನು ಕೊರೋನಾ ವ್ಯಾಧಿಯು ಹರಡಿದ ೨೦೨೦-೨೧ರಲ್ಲಿ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದು ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತದಲ್ಲಿ ಆಮ್ಲಜನಕವು ಎಷ್ಟಿದೆಯೆಂದು ಅಳೆಯುತ್ತದೆ. ಉಗುರಿನ ಮೇಲೆ ದಟ್ಟವಾದ ಬಣ್ಣವಿದ್ದರೆ ಅಳತೆ ತಪ್ಪುವ ಸಂಭವವುಂಟು. ಅದಲ್ಲದೆ ಉಸಿರಾಟವು ಕುಗ್ಗಿದಾಗ ಉಗುರು ನೀಲಿಗಟ್ಟುವುದನ್ನು ವೈದ್ಯರು ಕಣ್ಣಿನಿಂದಲೂ ನೋಡುತ್ತಾರೆ. ಆದುದರಿಂದ ಆಸ್ಪತ್ರೆಗೆ ಹೋಗುವ ಮೊದಲೇ ಮನೆಯಲ್ಲಿ ಬಣ್ಣವನ್ನು ತೆಗೆದಿರುವುದು ಒಳ್ಳೆಯದು.

ಮಗಳು ಮನೆಯಿಂದ ಅಸಿಟೋನಿನ ಶೀಸೆಯನ್ನು ತಂದಳು. ಅವಳಿಗೆ ಕಾಗದಪತ್ರಗಳ ಕೆಲಸವಿತ್ತು; ಒಂದು ಬೆರಳಿಗೆ ಮಾಡಿ ತೋರಿಸಿ ಹೊರಟುಹೋದಳು. ಉಳಿದ ಒಂಬತ್ತು ನಮ್ಮ ಪಾಲಿಗೆ ಬಂದವು. ಹತ್ತಿಯ ಚೂರನ್ನು ನೆನೆಯಿಸಿ ಉಗುರಿನ ಮೇಲೆ ಒತ್ತಿ ಹಿಡಿಯಬೇಕು, ಉಜ್ಜಬಾರದು, ಮೂವತ್ತರವರೆಗೆ ಎಣಿಸಿ, ತುದಿಯ ಕಡೆಗೆ ಮೆಲ್ಲನೆ ಎಳೆಯಬೇಕು. ಎಣಿಸುವುದಕ್ಕೆ ಬದಲಾಗಿ ನಾವು ರಾಮಶಬ್ದವನ್ನು ಪ್ರಥಮಾ ವಿಭಕ್ತಿಯಿಂದ ಸಂಬೋಧನದವರೆಗೆ ಮನಸ್ಸಿನಲ್ಲಿಯೇ ಹೇಳಿಕೊಂಡೆವು. ಇಪ್ಪತ್ತನಾಲ್ಕು ರೂಪಗಳು ಮುಗಿಯುವ ಹೊತ್ತಿಗೆ ಬಣ್ಣವು ಹತ್ತಿಗೆ ಬಂದಿರುತ್ತಿತ್ತು, ಉಗುರು ಸ್ವಚ್ಛ. ನೋವಿಲ್ಲ, ಗಾಯವಿಲ್ಲ. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ಆ ಬಾಲಿಕೆಯ ಕೈಗಳು ನಮ್ಮ ಕಣ್ಣ ಮುಂದೆ ನಿಂತವು. ಒಂದು ಶಬ್ದದ ರೂಪಗಳನ್ನು ಒಪ್ಪಿಸುವಷ್ಟು ತಾಳ್ಮೆಯಿದ್ದರೆ ಸಾಕಾಗಿದ್ದ ಕೆಲಸಕ್ಕೆ ನಾವು ಅವಳ ಕೈಗೆ ಇಟ್ಟಿಗೆಯನ್ನು ಕೊಟ್ಟಿದ್ದೆವು.

ಈ ಬಣ್ಣದ ಸ್ವರೂಪವನ್ನು ಅನಂತರ ತಿಳಿದುಕೊಂಡೆವು. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದಾಗ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಾಗುತ್ತದೆ. ಇದನ್ನು ಬೇಗನೆ ಆರುವ ದ್ರವಗಳಲ್ಲಿ ಕರಗಿಸಿ ಬಣ್ಣವನ್ನು ಕೂಡಿಸುತ್ತಾರೆ. ದ್ರವವು ಆರಿದಾಗ ಉಗುರಿನ ಮೇಲೆ ತೆಳುವಾದ ಪೊರೆ ಉಳಿಯುತ್ತದೆ. ೧೯೨೦ರ ದಶಕದಲ್ಲಿ ಮೋಟಾರು ಗಾಡಿಗಳಿಗೆ ಬಳಿಯುತ್ತಿದ್ದ ಬಣ್ಣವೂ ಇದೇ ಜಾತಿಯದು. ಅಂಥದನ್ನು ನೀರಿನಲ್ಲಿ ತೊಳೆಯೆಂದ ನಮ್ಮ ಬುದ್ಧಿಯನ್ನು ಏನೆನ್ನಬೇಕು? ಅದನ್ನು ಕರಗಿಸುವ ಅಸಿಟೋನ್ ಬಹು ಬೇಗ ಹೊತ್ತಿಕೊಳ್ಳುವ ಪದಾರ್ಥ. ದೀಪದ ಬಳಿ, ಒಲೆಯ ಬಳಿ ಅದನ್ನು ತೆರೆಯಲಾಗದು. ಅದು ಉಗುರನ್ನೂ ಸುತ್ತಣ ಚರ್ಮವನ್ನೂ ಒಣಗಿಸುವುದರಿಂದ, ತೆಗೆದ ಮೇಲೆ ಕೈ ತೊಳೆದು ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರುವುದು ಹಿತಕರ. ಬಣ್ಣವನ್ನು ಹಲ್ಲಿನಿಂದಾಗಲಿ ಚಾಕುವಿನಿಂದಾಗಲಿ ಕೆರೆದರೆ ಉಗುರಿನ ಮೇಲಿನ ಪದರವೇ ಕಿತ್ತುಬರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ೩ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕೆಟ್ಟ ಉಗುರು ಪೂರ್ತಿಯಾಗಿ ಹೊಸದಾಗಲು ಆರು ತಿಂಗಳು ಬೇಕು. ಆ ಬಾಲಿಕೆಯು ನಮ್ಮ ಶಿಸ್ತಿನ ಗುರುತನ್ನು ಎಷ್ಟು ತಿಂಗಳು ಹೊತ್ತಳೋ!

ಮಗಳು ಉದ್ಯೋಗಕ್ಕೆ ಹಿಂತಿರುಗಿದಳು. ಬಲಗೈಯು ಪಟ್ಟಿಯಲ್ಲಿದ್ದ ಆರು ವಾರಗಳ ಕಾಲ ಧರ್ಮಪತ್ನಿಯವರ ತಲೆಯನ್ನು ಬಾಚುವ ಕೆಲಸವು ನಮ್ಮದಾಯಿತು. ಮೊದಲ ದಿನ ನೆತ್ತಿಯಿಂದ ಬಾಚಣಿಗೆಯನ್ನು ಇಳಿಸಿದೆವು. ಸಿಕ್ಕುಗಳೆಲ್ಲ ಕೆಳಗೆ ಕೂಡಿಕೊಂಡು ಗಂಟಾದವು. ಆಕೆಯ ಕಣ್ಣಿನಲ್ಲಿ ನೀರು ಬಂದಿತು. ಆಗ ಆಕೆ, ‘ಸಮಾಸವನ್ನು ಬಿಡಿಸುವಾಗ ಕೊನೆಯ ಪದದಿಂದ ಹಿಡಿಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದಿರಿ, ಕೂದಲನ್ನೂ ತುದಿಯಿಂದಲೇ ಹಿಡಿಯಿರಿ’ ಎಂದರು. ಅಂದು ನಾವು ಶಿಷ್ಯರಾದೆವು.

ಆಕೆಯಿಂದಲೂ, ದೂರವಾಣಿಯಲ್ಲಿ ಮಗಳಿಂದಲೂ ಕಲಿತ ಪಾಠಗಳ ಸಾರವಿಷ್ಟು. ಮೊದಲು ತುದಿಯ ನಾಲ್ಕು ಅಂಗುಲವನ್ನು ಬಿಡಿಸಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋಗಬೇಕು. ಹಲ್ಲುಗಳು ವಿರಳವಾಗಿರುವ ಬಾಚಣಿಗೆಯೇ ಉತ್ತಮ. ಒದ್ದೆಯ ಕೂದಲು ಒಣಗಿದ್ದಕ್ಕಿಂತ ದುರ್ಬಲವಾದ್ದರಿಂದ, ಅದನ್ನು ಎಳೆದು ಬಾಚುವುದಾಗಲಿ ಬಟ್ಟೆಯಿಂದ ತಿಕ್ಕುವುದಾಗಲಿ ಕೂಡದು. ಒತ್ತಿ ನೀರನ್ನು ಹೀರಿಸಿದರೆ ಸಾಕು. ಕೊಬ್ಬರಿ ಎಣ್ಣೆಯು ಕೂದಲಿನ ಒಳಕ್ಕೆ ಇಳಿಯಬಲ್ಲದ್ದಾದ್ದರಿಂದ, ಮೀಯುವ ಮೊದಲು ಹಚ್ಚಿದರೆ ತೊಳೆಯುವಾಗ ಆಗುವ ಸವೆತವು ಕಡಿಮೆಯಾಗುತ್ತದೆ; ಅದಕ್ಕೆ ಒಂದೆರಡು ಚಮಚದಷ್ಟಿದ್ದರೆ ಸಾಕು, ಬಟ್ಟಲುಗಟ್ಟಲೆ ಬೇಕಿಲ್ಲ. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆಗಟ್ಟುವ ಸತ್ತ್ವವು ಸಹಜವಾಗಿಯೇ ಉಂಟು. ಆದರೆ ಅವು ಕಣ್ಣಿಗೆ ಬಿದ್ದರೆ ಉರಿಯುತ್ತವೆ. ಪೇಟೆಯ ಶಾಂಪೂ ಬಳಸುವವರು ಅದನ್ನು ನೆತ್ತಿಗೆ ಹಚ್ಚಬೇಕು. ನೊರೆಯು ಇಳಿಯುವಾಗ ಉಳಿದ ಉದ್ದವೆಲ್ಲ ತಾನಾಗಿಯೇ ತೊಳೆಯಲ್ಪಡುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ಗಾಬರಿ ಬೇಡ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಆದುದರಿಂದ ಅದಕ್ಕೆ ‘ಜೀವವನ್ನು ತುಂಬುವೆವು’ ಎನ್ನುವ ಜಾಹೀರಾತನ್ನು ನಂಬಿ ಹಣವನ್ನು ಕಳೆಯಬಾರದು. ಇನ್ನೊಂದು ಎಚ್ಚರಿಕೆ: ಮದರಂಗಿಯ ನಿಜವಾದ ಬಣ್ಣವು ಕೆಂಪುಮಿಶ್ರಿತ ಕಂದು. ಕ್ಷಣದಲ್ಲಿ ಕಪ್ಪಾಗುವ ‘ಕಪ್ಪು ಮದರಂಗಿ’ಯಲ್ಲಿ ಬಹುಶಃ ತಲೆಗೂದಲಿನ ಕಪ್ಪು ಬಣ್ಣದ ರಾಸಾಯನಿಕವು ಬೆರೆತಿರುತ್ತದೆ. ಅದು ಮಕ್ಕಳ ಚರ್ಮದಲ್ಲಿ ಬೊಕ್ಕೆಗಳನ್ನೆಬ್ಬಿಸಬಲ್ಲದು.

ಬಾಚುತ್ತ ಕುಳಿತಾಗ ಶಬ್ದಗಳ ವಿಚಾರವೂ ಬರುತ್ತಿತ್ತು. ಅದು ನಮ್ಮ ಹಳೆಯ ಚಾಳಿ. ಶಾಂಪೂ ಎಂಬುದು ಒತ್ತು, ತಿಕ್ಕು ಎಂಬರ್ಥದ ಹಿಂದಿಯ ಚಾಂಪೋ ಎಂಬುದರಿಂದ ಹುಟ್ಟಿದ್ದು. ೧೭೫೯ರಲ್ಲಿ ಪಾಟ್ನಾದಲ್ಲಿ ಜನಿಸಿದ ಷೇಕ್ ದೀನ್ ಮಹಮ್ಮದ್ ಎಂಬಾತನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವನ್ನಿಟ್ಟು ಆ ಮರ್ದನವನ್ನು ಪ್ರಸಿದ್ಧಿಗೆ ತಂದನು. ಉಗುರಿನ ಬಣ್ಣಕ್ಕೆ ಇಂಗ್ಲಿಷರು ಹೇಳುವ ಲ್ಯಾಕರ್ ಎಂಬ ಹೆಸರೋ, ನಮ್ಮ ಲಾಕ್ಷಾ ಶಬ್ದದಿಂದಲೇ ಬಂದುದು. ಚನ್ನಪಟ್ಟಣದ ಆಟಿಕೆಗಳಿಗೆ ಬಳಿಯುವ ಅರಗೇ ಆ ಲಾಕ್ಷೆ. ಪರದೇಶದ ಹಾವಳಿಯೆಂದು ನಾವು ಹಳಿದ ಎರಡು ಶೀಸೆಗಳೂ ನಮ್ಮ ಮನೆಯ ಹೆಸರುಗಳನ್ನೇ ಹೊತ್ತು ಹಿಂದಿರುಗಿದ್ದವು!

ಇದನ್ನು ನಾವು ಉತ್ಸಾಹದಿಂದ ವಿವರಿಸುತ್ತಿದ್ದ ಒಂದು ಸಂಜೆ ಧರ್ಮಪತ್ನಿಯವರು ಮೆಲ್ಲನೆ ಹೇಳಿದರು: ‘ಮದುವೆಯಾದ ಹೊಸತರಲ್ಲಿ ನನ್ನ ಪೆಟ್ಟಿಗೆಯಲ್ಲಿಯೂ ಅಂಥದೊಂದು ಶೀಸೆ ಇತ್ತು. ತವರಿನಲ್ಲಿ ಗೆಳತಿ ಕೊಟ್ಟಿದ್ದಳು. ಶಾಲೆಯಲ್ಲಿ ಆ ಹುಡುಗಿಯ ಉಗುರನ್ನು ಉಜ್ಜಿಸಿದ ಸಂಗತಿಯನ್ನು ನೀವು ಬಂದು ಹೇಳಿದ ದಿನ, ಅದನ್ನು ತಿಪ್ಪೆಗೆ ಎಸೆದೆ.’ ಬಾಚಣಿಗೆಯು ನಮ್ಮ ಕೈಯಲ್ಲಿ ನಿಂತಿತು. ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಒಂದು ತರಗತಿಗೆ ಕೊಟ್ಟೆವೆಂದುಕೊಂಡ ತೀರ್ಪು ಮನೆಯೊಳಗೂ ಮೂವತ್ತೆರಡು ವರ್ಷ ಜಾರಿಯಲ್ಲಿತ್ತು. ತೀರ್ಪನ್ನು ಕೊಟ್ಟವರಿಗೇ ಅದು ತಿಳಿದಿರಲಿಲ್ಲ.

೨೦೨೫ರ ಯುಗಾದಿಯ ಹಿಂದಿನ ದಿನ ನಾವೇ ಪೇಟೆಗೆ ಹೋಗಿ ದಾಳಿಂಬೆಯ ಬಣ್ಣದ ಒಂದು ಶೀಸೆಯನ್ನು ತಂದೆವು. ಚರ್ಮದ ಅಂಚಿಗೆ ತಾಗದಂತೆ ತೆಳುವಾಗಿ ಒಂದು ಲೇಪ, ಅದು ಚೆನ್ನಾಗಿ ಆರಿದ ಮೇಲೆ ಇನ್ನೊಂದು. ಮಗಳು ಹೇಳಿಕೊಟ್ಟ ಕ್ರಮವಿದು. ನಮ್ಮ ಕೈ ನಡುಗುತ್ತಿದ್ದುದರಿಂದ ಅರ್ಧ ಬಣ್ಣವು ಬೆರಳಿಗೇ ಆಯಿತು. ಆಕೆ ಬಹಳ ಹೊತ್ತು ನಕ್ಕರು.

ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಶಾಲೆಗೆ ನಿಯಮಗಳು ಇರಲಿ. ಪಾಠದ ವೇಳೆಗೆ ಬಣ್ಣ ಬೇಡವೆಂದು ಹೇಳುವುದೂ ತಪ್ಪಲ್ಲ. ಆದರೆ ಮಗುವಿನ ದೇಹದ ಮೇಲೆ ಕೈ ಮಾಡುವ ಮೊದಲು, ಆ ವಸ್ತುವು ಏನು, ಹೇಗೆ ಹೋಗುತ್ತದೆ ಎಂಬುದನ್ನಾದರೂ ತಿಳಿದಿರಬೇಕು. ‘ನಾಳೆ ತೆಗೆದುಕೊಂಡು ಬಾ, ಮಗೂ’ ಎಂದಿದ್ದರೆ ನಮ್ಮ ಶಿಸ್ತಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ.

ಆ ಬಾಲಿಕೆಯ ಹೆಸರು ನಮಗೆ ನೆನಪಿದೆ. ಇಲ್ಲಿ ಬರೆಯುವುದು ಸಲ್ಲದು. ಆಕೆಗೆ ಈಗ ನಲವತ್ತಾರು ನಲವತ್ತೇಳರ ವಯಸ್ಸು; ಎಲ್ಲಿಯೋ ಒಂದು ಮನೆಯ ಗೃಹಿಣಿಯಾಗಿರಬಹುದು. ಈ ಮಾಸಪತ್ರಿಕೆಯು ಅನೇಕ ಮನೆಗಳಿಗೆ ಹೋಗುತ್ತದೆ. ಆಕೆಯ ಮನೆಗೂ ಹೋಗುತ್ತಿದ್ದರೆ ಈ ನಾಲ್ಕು ಮಾತುಗಳನ್ನು ಓದಲಿ: ಅಮ್ಮಾ, ಅಂದು ನೀನು ಅಕ್ಕನ ಮದುವೆಯ ಸಂತೋಷವನ್ನು ಬೆರಳಿನಲ್ಲಿಟ್ಟುಕೊಂಡು ಬಂದಿದ್ದೆ. ತಪ್ಪು ನಮ್ಮದು. ಕ್ಷಮಿಸು.