ಗೋಧಿಯ ನಾಡಿನಲ್ಲಿ ಚಿನ್ನಿದಾಂಡು

ದೆಹಲಿಯಿಂದ ಉತ್ತರಕ್ಕೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸುಮಾರು 125 ಕಿ.ಮೀ. ಸಾಗಿದರೆ ಹರಿಯಾಣದ ಕರ್ನಾಲ್ ಸಿಗುತ್ತದೆ. ಇದು ಮಹಾಭಾರತದ ಕರ್ಣನ ಊರೆಂಬುದು ಜನರ ನಂಬಿಕೆ. ಗಗನಯಾತ್ರಿ ಕಲ್ಪನಾ ಚಾವ್ಲಾ 1962ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ದಕ್ಷಿಣಕ್ಕೆ ಪಾಣಿಪತ್, ಉತ್ತರಕ್ಕೆ ತರಾವಡಿ, ಅದರಾಚೆ ಕುರುಕ್ಷೇತ್ರ. ಎತ್ತ ತಿರುಗಿದರೂ ಒಂದು ರಣರಂಗದ ಹೆಸರು ಕಿವಿಗೆ ಬೀಳುವ ಸೀಮೆ. ಆದರೆ ಈ ನೆಲದ ಇನ್ನೊಂದು ಕಾಳಗ ಚರಿತ್ರೆಯ ಪಠ್ಯದಲ್ಲಿಲ್ಲ. ಅದು ಗೋಧಿಗೂ ಒಂದು ಹುಲ್ಲಿಗೂ ನಡೆಯುತ್ತಿರುವ ಕಾಳಗ.

ನಾನು ಅಲ್ಲಿಗೆ ಹೋದದ್ದು ಡಿಸೆಂಬರ್ ಕೊನೆಯಲ್ಲಿ. ಬೆಳಿಗ್ಗೆ ಹತ್ತಾದರೂ ಮಂಜು ಕರಗಿರಲಿಲ್ಲ. ಮಳೆಗಾಲದಲ್ಲಿ ಭತ್ತ, ಚಳಿಗಾಲದಲ್ಲಿ ಗೋಧಿ. ಹಸಿರು ಕ್ರಾಂತಿಯ ನಂತರ ಈ ಭಾಗದಲ್ಲಿ ಬಹುಪಾಲು ಇದೇ ಕ್ರಮ. ಹೊಲದ ಬದುವಿನಲ್ಲಿ ಸಿಕ್ಕ ಹಿರಿಯ ರೈತರೊಬ್ಬರು ಎರಡು ಸಸಿ ಕಿತ್ತು ನನ್ನ ಅಂಗೈಯಲ್ಲಿಟ್ಟು, "ಮಾಸ್ಟರ್‌ಜಿ, ಇದರಲ್ಲಿ ಗೋಧಿ ಯಾವುದು ಹೇಳಿ" ಎಂದರು. ಎರಡೂ ಅವಳಿಜವಳಿಯಂತಿದ್ದವು. ಅವರು ಒಂದರ ಬುಡವನ್ನು ಉಗುರಿನಿಂದ ಚಿವುಟಿ ತೋರಿಸಿದರು. ಅಲ್ಲಿ ನಸುಗೆಂಪು ಬಣ್ಣವಿತ್ತು. ಅದೇ ಕಳೆ!

ಹರಿಯಾಣದಲ್ಲಿ ಅದಕ್ಕೆ ಮಂಡೂಸಿ ಎನ್ನುತ್ತಾರೆ. ಪಂಜಾಬಿನಲ್ಲಿ ಗುಲ್ಲಿಡಂಡಾ, ಅಂದರೆ ನಮ್ಮ ಚಿನ್ನಿದಾಂಡು. ಕಡ್ಡಿಯ ತುದಿಗೆ ಚಿನ್ನಿ ಸಿಕ್ಕಿಸಿದಂತೆ ಅದರ ಗಿಡ್ಡ ತೆನೆ ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಫಲಾರಿಸ್ ಮೈನರ್. ತೆನೆ ಬಂದಾಗ ಗುರುತು ಹಿಡಿಯುವುದು ಸುಲಭ. ಆದರೆ ಅಷ್ಟರಲ್ಲಿ ಅದು ಗೋಧಿಯ ಪಾಲಿನ ಗೊಬ್ಬರ, ನೀರು, ಬೆಳಕನ್ನೆಲ್ಲ ಉಂಡಿರುತ್ತದೆ. ಗೋಧಿ ಕೊಯ್ಲಿಗೆ ಮೊದಲೇ ಬೀಜವನ್ನೂ ಉದುರಿಸಿ ಮುಂದಿನ ವರ್ಷಕ್ಕೆ ಅಣಿಯಾಗಿಬಿಡುತ್ತದೆ.

ಕೈಯಿಂದ ಕೀಳಲಾಗದ ಈ ಕಳೆಗೆ ರೈತರು ಐಸೊಪ್ರೊಟ್ಯೂರಾನ್ ಎಂಬ ಕಳೆನಾಶಕವನ್ನು ಸಿಂಪಡಿಸತೊಡಗಿದರು. ಅದು ಎಲೆಯೊಳಗಿನ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ಆಹಾರ ತಯಾರಿಸಲಾಗದೆ ಕಳೆ ಸಾಯುತ್ತದೆ. ಗೋಧಿ ಮಾತ್ರ ಆ ವಿಷವನ್ನು ತನ್ನ ಕಿಣ್ವಗಳಿಂದ ಬೇಗನೆ ಒಡೆದು ಬದುಕಿಕೊಳ್ಳುತ್ತದೆ. 1980ರ ದಶಕವಿಡೀ ಇದೇ ಮದ್ದು ಕೈಹಿಡಿಯಿತು.

ಆಮೇಲೆ ಮದ್ದು ನಾಟದಾಯಿತು. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯದ ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ 1993ರಲ್ಲಿ ಈ ಸಂಗತಿಯನ್ನು ವರದಿ ಮಾಡಿದರು. ಆ ವರ್ಷಗಳಲ್ಲಿ ಎಷ್ಟೋ ರೈತರು ಕಳೆ ತುಂಬಿದ ಗೋಧಿಯನ್ನು ತೆನೆ ಬಲಿಯುವ ಮುನ್ನವೇ ಕೊಯ್ದು ದನಕ್ಕೆ ಮೇವಾಗಿ ಹಾಕಬೇಕಾಯಿತು. ವರ್ಷದ ಅನ್ನ ಕೊಟ್ಟಿಗೆಗೆ ಹೋಯಿತು.

ಆದದ್ದೇನು? "ಕಳೆಗೆ ಮದ್ದು ಒಗ್ಗಿಹೋಯಿತು" ಎನ್ನುವುದು ರೂಢಿ. ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಯಾವ ಒಂದು ಗಿಡವೂ ವಿಷ ಕುಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಲಕ್ಷ ಗಿಡಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ವಿಷ ಒಡೆಯುವ ಶಕ್ತಿಯಿತ್ತೆಂದು ಇಟ್ಟುಕೊಳ್ಳಿ. ಮದ್ದು ಉಳಿದವನ್ನು ಕೊಂದು ಆ ಒಂದಕ್ಕೆ ಜಾಗ ಬಿಡಿಸಿಕೊಟ್ಟಿತು. ಅದರ ಸಂತತಿ ವರ್ಷಕ್ಕೆ ಹತ್ತು ಪಟ್ಟಾದರೆ ಐದೇ ವರ್ಷದಲ್ಲಿ ಲಕ್ಷ! ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಇದೇ; ಇಲ್ಲಿ ಆಯ್ದದ್ದು ಮನುಷ್ಯನ ಸಿಂಪರಣೆ. ಇನ್ನೂ ಸೋಜಿಗವೆಂದರೆ, ಉಳಿದ ಕಳೆ ವಿಷವನ್ನು ಒಡೆಯುವುದು ಹೆಚ್ಚುಕಡಿಮೆ ಗೋಧಿಯ ರೀತಿಯಲ್ಲೇ. ಹೊರಗಿನ ವೇಷವಷ್ಟೇ ಅಲ್ಲ, ಒಳಗಿನ ಗುಟ್ಟೂ ಗೋಧಿಯದೇ.

1990ರ ದಶಕದ ಕೊನೆಗೆ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಮುಂತಾದ ಹೊಸ ಮದ್ದುಗಳು ಬಂದವು. ಸುಮಾರು ಹತ್ತು ವರ್ಷದಲ್ಲಿ ಅವಕ್ಕೂ ಜಗ್ಗದ ಕಳೆ ಕಾಣಿಸಿಕೊಂಡಿತು. ಬಾಟಲಿ ಬದಲಿಸಿದರೆ ಸಾಲದು, ಬೇಸಾಯವೂ ಬದಲಾಗಬೇಕು ಎಂಬುದು ಆಗ ಮನದಟ್ಟಾಯಿತು.

ದಾರಿಗಳಿಲ್ಲದೆ ಇಲ್ಲ. ಉಳುಮೆ ಮಾಡಿದಷ್ಟೂ ಮಣ್ಣಿನೊಳಗಿನ ಕಳೆಬೀಜ ಮೇಲೆ ಬಂದು ಮೊಳೆಯುತ್ತದೆ. ಅದಕ್ಕಾಗಿ ಉಳದೆಯೇ, ಭತ್ತದ ಕೂಳೆಯ ನಡುವೆ ಯಂತ್ರದ ಕೂರಿಗೆಯಿಂದ ಗೋಧಿ ಬಿತ್ತುವವರಿದ್ದಾರೆ. ನವೆಂಬರ್ ಮೊದಲಲ್ಲೇ ಬಿತ್ತಿದರೆ, ಚಳಿ ಬಿದ್ದ ಮೇಲೆ ಏಳುವ ಮಂಡೂಸಿಗಿಂತ ಗೋಧಿ ಮುಂದಿರುತ್ತದೆ. ಒಂದು ವರ್ಷ ಗೋಧಿ ಬಿಟ್ಟು ಬರ್ಸೀಮ್ ಎಂಬ ಮೇವು ಬೆಳೆದರೂ ಸರಿ. ಮತ್ತೆ ಮತ್ತೆ ಕೊಯ್ಯುವುದರಿಂದ ಕಳೆಗೆ ಬೀಜ ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ.

ಆಳು ಸಿಗದ ಈ ಕಾಲದಲ್ಲಿ ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೂ ಕಳೆನಾಶಕ ಬಂದಿದೆ. ಅದನ್ನು ಬಿಟ್ಟುಬಿಡಿ ಎಂದು ಯಾವ ರೈತರಿಗೂ ಹೇಳುವಂತಿಲ್ಲ. ಆದರೆ ಹೊಲವಿರುವ ಮನೆಯ ಮಕ್ಕಳು ಮೇಲಿನ ಲಕ್ಷದ ಲೆಕ್ಕವನ್ನು ಅಪ್ಪ ಅಮ್ಮನಿಗೆ ಮಾಡಿ ತೋರಿಸಬಹುದು. ಪ್ರತಿ ವರ್ಷ ಒಂದೇ ಮದ್ದು ಬೇಡ. ಹೇಳಿದ್ದಕ್ಕಿಂತ ಕಡಿಮೆ ಪ್ರಮಾಣವೂ ಬೇಡ. ಸಿಂಪಡಿಸಿದ ಮೇಲೂ ನಿಂತಿರುವ ಗಿಡವನ್ನು ಬೀಜ ಕಟ್ಟುವ ಮೊದಲೇ ಕಿತ್ತುಬಿಡಿ. ಲಕ್ಷಕ್ಕೆ ಒಂದು ಅದೇ ಇರಬಹುದು.

ಹೋಗುವವರಿಗೆ: ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಕರ್ನಾಲ್‌ಗೆ ರೈಲು, ಬಸ್ಸುಗಳಿವೆ. ಸಸಿ ನೋಡಲು ಡಿಸೆಂಬರ್, ತೆನೆ ನೋಡಲು ಮಾರ್ಚ್. ಡಿಸೆಂಬರ್‌ನಲ್ಲಾದರೆ ಸ್ವೆಟರ್ ಮರೆಯಬೇಡಿ. ಮಂಜಿಗೆ ರೈಲು ತಡವಾದರೆ ಬೇಸರಿಸಬೇಡಿ.